ಪದಚರ್ಚೆ: ‘ಪೋರ್ಟ್ ಫಾರ್ವರ್ಡಿಂಗ್’ಗೆ ಏನನ್ನೋಣ?

ಗೆಳೆಯರೇ,

ಮನೆಯ ಸಿಸಿ ಕ್ಯಾಮೆರಾವನ್ನು ಹೊರಗಿದ್ದಾಗಲೂ ಫೋನಿನಲ್ಲಿ ನೋಡಲು ರೂಟರ್ ಸೆಟ್ ಮಾಡುವುದು ಹೇಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರಿಗೆ ನೆಟ್‌ವರ್ಕ್ ಗೊತ್ತಿಲ್ಲ. ರೂಟರ್, ಪಾಸ್‌ವರ್ಡ್, ಆ್ಯಪ್ ಇವಕ್ಕೆ ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ, ಎಲ್ಲರ ಬಾಯಲ್ಲೂ ಇದ್ದೇ ಇವೆ. ತೊಡಕಾಗಿರುವುದು ‘ಪೋರ್ಟ್ ಫಾರ್ವರ್ಡಿಂಗ್’ ಒಂದೇ.

ಮೊದಲು ಅದರ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮನೆಯೊಳಗಿನ ಪ್ರತಿ ಸಾಧನಕ್ಕೂ ರೂಟರ್ ಒಂದು ವಿಳಾಸ ಕೊಡುತ್ತದೆ, ಹೆಚ್ಚಾಗಿ 192.168 ಅಂತ ಶುರುವಾಗುವಂಥದ್ದು. ಅದು ಮನೆಯೊಳಗೆ ಮಾತ್ರ ನಡೆಯುತ್ತದೆ. ಹೊರಗಿನವರಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಹೊರಗಿನಿಂದ ಯಾರಾದರೂ ಅಲ್ಲಿಗೆ ಬಂದರೆ ಅವರನ್ನು ಟಿವಿಗೆ ಕಳಿಸಬೇಕೋ, ಲ್ಯಾಪ್‌ಟಾಪಿಗೋ, ಕ್ಯಾಮೆರಾಗೋ ಅಂತ ರೂಟರ್‌ಗೆ ತಿಳಿಯುವುದಿಲ್ಲ, ಹಾಗಾಗಿ ಒಳಗೇ ಬಿಡುವುದಿಲ್ಲ. ‘554ನೇ ಪೋರ್ಟಿಗೆ ಬಂದದ್ದನ್ನು 192.168.1.50ಕ್ಕೆ ಕಳಿಸು’ ಅಂತ ರೂಟರಿನಲ್ಲಿ ಬರೆದಿಡುವುದೇ ಪೋರ್ಟ್ ಫಾರ್ವರ್ಡಿಂಗ್. (ಪೋರ್ಟ್ ಅಂದರೆ ಬಂದದ್ದು ಯಾವ ಕೆಲಸಕ್ಕೆ ಅಂತ ಗುರುತಿಸುವ ನಂಬರ್. 554 ಅನ್ನುವುದು ಕ್ಯಾಮೆರಾಗಳು ಲೈವ್ ವಿಡಿಯೊ ಕಳಿಸಲು ಸಾಮಾನ್ಯವಾಗಿ ಬಳಸುವ ಆರ್‌ಟಿಎಸ್‌ಪಿ ಅನ್ನುವ ವಿಧಾನದ ನಂಬರ್.)

‘ಬಂದರು’ ಅಂತ ಯಾರೂ ಹೇಳಬೇಡಿ, ದಯವಿಟ್ಟು. ಇಲ್ಲಿ ಹಡಗಿಗೆ ಕೆಲಸವಿಲ್ಲ. ‘ದ್ವಾರ’ ಅರ್ಥಕ್ಕೆ ಹತ್ತಿರ, ಆದರೆ ಬೇರೆ ತೊಂದರೆ ಇದೆ. ರೂಟರಿನ ಹಿಂದೆ ಕೇಬಲ್ ಸಿಕ್ಕಿಸುವ ತೂತಿಗೂ ಪೋರ್ಟ್ ಅಂತೀವಿ, 0ರಿಂದ 65535ರವರೆಗಿನ ಈ ನಂಬರಿಗೂ ಪೋರ್ಟ್ ಅಂತೀವಿ. ‘ದ್ವಾರ ತೆರೆಯಿರಿ’ ಅಂತ ಬರೆದರೆ ಹೊಸಬರು ರೂಟರನ್ನು ತಿರುಗಿಸಿ ಹಿಂಬದಿ ನೋಡುತ್ತಾರೆ ಅಷ್ಟೆ. ಅದಕ್ಕೇ ಎಲ್ಲ ಕಡೆಯೂ ‘ಪೋರ್ಟ್ ನಂಬರ್’ ಅಂತಲೇ ಬರೆಯೋಣ ಅಂದುಕೊಂಡಿದ್ದೇನೆ.

ಕಷ್ಟ ಇರುವುದು ‘ಫಾರ್ವರ್ಡ್’ನಲ್ಲಿ. ವಾಟ್ಸ್ಆ್ಯಪ್ ಬಂದ ಮೇಲೆ ಇದು ಕನ್ನಡದ್ದೇ ಪದ ಆಗಿಬಿಟ್ಟಿದೆ. ಆದರೆ ಅಲ್ಲಿ ಬಂದ ಮೆಸೇಜು ನಮ್ಮಲ್ಲೂ ಉಳಿದು ಇನ್ನೊಬ್ಬರಿಗೂ ಹೋಗುತ್ತದೆ. ರೂಟರ್ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಹಾದಿ ತಿರುಗಿಸುತ್ತದೆ. ‘ಮುನ್ನಡೆಸು’ ಭಾಷಣದ ಮಾತಾಯಿತು, ‘ರವಾನಿಸು’ ಅಂದರೆ ಪಾರ್ಸೆಲ್ ನೆನಪಾಗುತ್ತದೆ. ನನಗೆ ಹಿಡಿಸಿದ್ದು ‘ಹಾಯಿಸು’. ಕಾಲುವೆಯ ನೀರನ್ನು ಇಂಥ ಪಾತಿಗೇ ಅಂತ ಹಾಯಿಸುವ ಹಾಗೆ, ‘554ಕ್ಕೆ ಬಂದದ್ದನ್ನು ಕ್ಯಾಮೆರಾಗೆ ಹಾಯಿಸಿ’. ಎತ್ತು ಹಾಯುವುದೂ ಇದೇ ‘ಹಾಯು’ ಅಲ್ವಾ ಅಂತ ಯಾರಾದರೂ ತಗಾದೆ ತೆಗೆಯಬಹುದು, ತೆಗೆಯಲಿ.

ಆದರೆ ಕ್ಯಾಮೆರಾ ಹಾಕಲು ಬರುವವರು ಹೇಳುವುದು ‘ಪೋರ್ಟ್ ಓಪನ್ ಮಾಡೋದು’ ಅಂತ. ಆ ಮಾತಿನಲ್ಲಿ ಇರುವ ಎಚ್ಚರಿಕೆ ‘ಹಾಯಿಸು’ವಿನಲ್ಲಿ ಇಲ್ಲ. ಒಮ್ಮೆ ಓಪನ್ ಮಾಡಿದರೆ ನಮ್ಮ ಫೋನಿಗೆ ಮಾತ್ರವಲ್ಲ, ಇಡೀ ಜಗತ್ತಿಗೆ ಓಪನ್. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹೀಗೆ ಹೊರಗಿನಿಂದ ಸಿಗುತ್ತಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ಕಂಪನಿ ಹಾಕಿಕೊಟ್ಟ ಪಾಸ್‌ವರ್ಡನ್ನೇ ಹಾಕಿ ನುಗ್ಗಿತ್ತು. ಹಾಗಾಗಿ ಪಾಸ್‌ವರ್ಡ್ ಬದಲಿಸಿ, ಸಾಧನಗಳು ತಾವೇ ಪೋರ್ಟ್ ಓಪನ್ ಮಾಡಿಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ, ಸಾಧ್ಯವಾದರೆ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಸೇರುವ ಸುರಕ್ಷಿತ ಹಾದಿ) ಮೂಲಕವೇ ನೋಡಿ ಅಂತ ಕೈಪಿಡಿಯಲ್ಲಿ ಬರೆದಿದ್ದೇನೆ. ಪದದಲ್ಲೇ ಆ ಎಚ್ಚರ ಬರಬೇಕೋ, ವಿವರಣೆಯಲ್ಲಿ ಬಂದರೆ ಸಾಕೋ?

ಇನ್ನೊಂದು ಗೊಂದಲ ‘ಸ್ಟ್ಯಾಟಿಕ್ ಐಪಿ’, ಅಂದರೆ ಬದಲಾಗದ ವಿಳಾಸ. ಕ್ಯಾಮೆರಾದ ಒಳಗಿನ ವಿಳಾಸ ಬದಲಾದರೆ ಬರೆದಿಟ್ಟ ನಿಯಮ ಕೆಲಸ ಮಾಡದು, ಅದಕ್ಕೆ ರೂಟರಿನಲ್ಲಿ ಆ ವಿಳಾಸವನ್ನು ಕ್ಯಾಮೆರಾಗೇ ಅಂತ ಇಡಬೇಕು. ಅದನ್ನೂ ಸ್ಟ್ಯಾಟಿಕ್ ಅಂತಾರೆ. ಇಂಟರ್‌ನೆಟ್ ಕಂಪನಿ ಕೊಡುವ ಬದಲಾಗದ ಹೊರಗಿನ ವಿಳಾಸವನ್ನೂ ಸ್ಟ್ಯಾಟಿಕ್ ಅಂತಾರೆ. ಎರಡೂ ‘ಸ್ಥಿರ ಐಪಿ’ ಆದರೆ ಓದುವವರು ಸುಮ್ನೆ ಕಂಪನಿಗೆ ಫೋನ್ ಮಾಡುತ್ತಾರೆ. ಮೊದಲನೆಯದಕ್ಕೆ ‘ವಿಳಾಸ ಕಾದಿರಿಸುವುದು’, ಎರಡನೆಯದಕ್ಕೆ ‘ಖಾಯಂ ಹೊರ ವಿಳಾಸ’ ಅಂತ ಬರೆದಿದ್ದೇನೆ. ‘ಸಾರ್ವಜನಿಕ ಐಪಿ’ ಬೇಡ ಅನಿಸಿತು, ಯಾರು ಬೇಕಾದರೂ ಬಳಸಬಹುದು ಅನ್ನುವ ಹಾಗೆ ಕೇಳುತ್ತದೆ.

ಕೊನೆಯದು ‘ಸಿಜಿನ್ಯಾಟ್’, ಅಂದರೆ ಇಂಟರ್‌ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದು. ಹಾಗೆ ಹಂಚಿದ್ದರೆ ನಾವು ರೂಟರಿನಲ್ಲಿ ಎಷ್ಟೇ ಹಾಯಿಸಿದರೂ ಹೊರಗಿನಿಂದ ಏನೂ ನಮ್ಮ ರೂಟರ್‌ವರೆಗೆ ಬರುವುದಿಲ್ಲ. ರೂಟರಿನ ‘ವ್ಯಾನ್’ (ಕಂಪನಿಯ ಕಡೆಯಿಂದ ರೂಟರಿಗೆ ಸಿಕ್ಕ) ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಬಹುತೇಕ ಇದೇ ಕಾರಣ. ಸದ್ಯ ‘ಹಂಚಿಕೆ ವಿಳಾಸ’ ಅಂತ ಹಾಕಿದ್ದೇನೆ, ಅಷ್ಟು ಸಮಾಧಾನ ಇಲ್ಲ. ಇದಕ್ಕಿಂತ ಒಳ್ಳೆಯದು ಬಳಕೆಯಲ್ಲಿ ಇದ್ದರೆ ತಿಳಿಸಿ. ‘ಹಾಯಿಸು’ ನಿಮ್ಮ ಕಡೆ ನೀರಿಗಲ್ಲದೆ ಬೇರೆ ಯಾವುದಕ್ಕೆಲ್ಲ ಬಳಸುತ್ತಾರೆ ಅನ್ನುವುದನ್ನೂ ಬರೆಯಿರಿ.