ಲೀಡಿಂಗ್ ಅನ್ಬೇಕಾ ಲೆಡಿಂಗ್ ಅನ್ಬೇಕಾ?

ಹೊಸ_ಡಿಸೈನರ್:
ಡಿಟಿಪಿ ಕಲೀತಾ ಇದೀನಿ. ಸಾಲುಗಳ ಮಧ್ಯದ ಜಾಗಕ್ಕೆ ಸಾಫ್ಟ್‌ವೇರಲ್ಲಿ ಲೀಡಿಂಗ್ ಅಂತ ಇರತ್ತಲ್ಲ, ಲೀಡರ್ ಇದ್ದಂಗೆ ಒಂದು ಸಾಲು ಮುಂದಿನದನ್ನ ಕರ್ಕೊಂಡು ಹೋಗತ್ತೆ ಅಂತ ಏನೋ ಅಂದ್ಕೊಂಡಿದ್ದೆ 😅 ಸೀನಿಯರ್ ಒಬ್ರು ಎಲ್ಲರ ಮುಂದೆ ಅದು ಲೆಡಿಂಗ್ ಕಣೋ ಅಂತ ನಕ್ಬಿಟ್ರು. ಯಾಕ್ ಹಂಗೆ? ಲೈನ್ ಸ್ಪೇಸಿಂಗ್ ಅಂದ್ರೆ ಆಗಲ್ವಾ?

ಮೊಳೆ_ಮಾಸ್ತರ್:
ಲೆಡಿಂಗೇ ಸರಿ. ಲೆಡ್ ಅಂದ್ರೆ ಸೀಸ. ಆಗೆಲ್ಲ ಒಂದೊಂದೇ ಅಚ್ಚುಮೊಳೆ ಕೈಯಲ್ಲಿ ಜೋಡಿಸಿ ಸಾಲು ಕಟ್ತಿದ್ರು, ಮೇಲಿನ ಸಾಲಿಗೆ ಕೆಳಗಿನದು ಅಂಟ್ಕೊಂಡಂಗೆ ಕಾಣ್ಬಾರ್ದು ಅಂತ ನಡುವೆ ತೆಳ್ಳಗಿನ ಸೀಸದ ಪಟ್ಟಿ ಇಡೋರು. ಪಟ್ಟಿ ಮೊಳೆಗಿಂತ ಗಿಡ್ಡ, ಅದಕ್ಕೆ ಮಸಿ ತಾಗ್ತಿರ್ಲಿಲ್ಲ, ಕಾಗದದ ಮೇಲೆ ಬರೀ ಖಾಲಿ ಜಾಗ ಬೀಳೋದು. 2 ಪಾಯಿಂಟ್ ಪಟ್ಟಿ ತುಂಬಾ ಕಾಮನ್, ಒಂದು ಇಂಚಿಗೆ ಸುಮಾರು 72 ಪಾಯಿಂಟ್ ಅಂದ್ಮೇಲೆ ಅದು ಒಂದು ಮಿಲಿಮೀಟರೂ ಇಲ್ಲ ನೋಡಿ. ಪಟ್ಟಿನೇ ಇಡ್ದೆ ಜೋಡಿಸಿದ್ರೆ ಅದಕ್ಕೆ ಸಾಲಿಡ್ ಅಂತಾರೆ. 10/12 ಅಂತ ನೋಡಿರ್ತೀರಲ್ಲ, 10 ಪಾಯಿಂಟ್ ಅಕ್ಷರಕ್ಕೆ 2 ಪಾಯಿಂಟ್ ಪಟ್ಟಿ ಸೇರಿ 12, ಅಷ್ಟೇ ಲೆಕ್ಕ. ಲೈನ್ ಸ್ಪೇಸಿಂಗ್ ಅಂದ್ರೂ ಯಾರೂ ಜಗಳಕ್ಕೆ ಬರಲ್ಲ ಬಿಡಿ.

ಪಿಕ್ಸೆಲ್_ಪೀಡೆ:
ಮಾಸ್ತರ್ ಹೇಳಿದ್ದಕ್ಕೆ ಒಂದು ಬಾಲ ಸೇರಿಸ್ತೀನಿ. ಮೊಳೆ ಕಾಲದವರಿಗೆ ಲೆಡಿಂಗ್ ಅಂದ್ರೆ ಆ 2, ಆದ್ರೆ ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ 12, ಅಂದ್ರೆ ಒಂದು ಬೇಸ್‌ಲೈನಿಂದ (ಅಕ್ಷರಗಳು ಕೂರೋ ಗೆರೆ) ಇನ್ನೊಂದು ಬೇಸ್‌ಲೈನಿನವರೆಗೆ ಪೂರ್ತಿ ಅಳತೆ. ಹೆಸರು ಅದೇ ಇಟ್ಕೊಂಡು ಅರ್ಥ ಬದಲಾಯಿಸ್ಬಿಟ್ರು. ವೆಬ್ ಪುಟ ಹೇಗೆ ಕಾಣ್ಬೇಕು ಅಂತ ಹೇಳೋ ಸಿಎಸ್‌ಎಸ್ ಇನ್ನೊಂದ್ ಹೆಜ್ಜೆ ಮುಂದೆ, ಲೈನ್-ಹೈಟ್ (ಸಾಲಿನ ಎತ್ತರ) ಜಾಸ್ತಿ ಮಾಡಿದ್ರೆ ಹೆಚ್ಚಿಗೆ ಬಂದ ಜಾಗನ ಅರ್ಧ ಅಕ್ಷರದ ಮೇಲೆ ಅರ್ಧ ಕೆಳಗೆ ಹಂಚತ್ತೆ, ಅದಕ್ಕೇ ಹಾಫ್-ಲೆಡಿಂಗ್ ಅನ್ನೋದು. ಹೆಡಿಂಗ್ ಮೇಲೆ ಎಲ್ಲಿಂದಲೋ ಗ್ಯಾಪ್ ಬಂತು ಅಂತ ನಾನು ಅರ್ಧ ದಿನ ಮಾರ್ಜಿನ್ ಹುಡುಕಿದೀನಿ, ಕೊನೆಗೆ ನೋಡಿದ್ರೆ ಇದು.

ಹೊಸ_ಡಿಸೈನರ್:
ಓಹ್ ಈಗ ಗೊತ್ತಾಯ್ತು, ಥ್ಯಾಂಕ್ಸ್. ಮತ್ತೆ ಇನ್‌ಡಿಸೈನಲ್ಲಿ ಲೆಡಿಂಗ್ ಜಾಗದಲ್ಲಿ ಬ್ರ್ಯಾಕೆಟ್ ಒಳಗೆ 14.4 ಅಂತ ತೋರಿಸತ್ತಲ್ಲ ಅದೇನು?

ಮೊಳೆ_ಮಾಸ್ತರ್:
ಅದು ಆಟೋ, ಅಂದ್ರೆ ಸಾಫ್ಟ್‌ವೇರೇ ಹಾಕೋ ಲೆಡಿಂಗ್, 12 ಪಾಯಿಂಟ್ ಅಕ್ಷರದ 120%. ಇಂಗ್ಲಿಷ್‌ಗೆ ಓಕೆ, ಕನ್ನಡಕ್ಕೆ ಬಿಗಿ ಆಗತ್ತೆ. "ರಾಷ್ಟ್ರೀಯ" ಅಂತ ಒಂದು ಸಾಲಲ್ಲಿ ಟೈಪ್ ಮಾಡಿ ಅದರ ಸರಿಯಾಗಿ ಕೆಳಗೆ "ಕೀಲಿ" ಬರೋ ಹಾಗೆ ಮಾಡಿ ನೋಡಿ, ಎಷ್ಟೋ ಫಾಂಟಲ್ಲಿ ಒತ್ತು ಹೋಗಿ ಗುಡಿಸಿಗೆ ಗುದ್ದತ್ತೆ. ನಾನು 12ಕ್ಕೆ 17–18 ಇಡ್ತೀನಿ. ಇನ್ನೊಂದು, ಇನ್‌ಡಿಸೈನಲ್ಲಿ ಸೆಟ್ಟಿಂಗ್ ಬದಲಾಯಿಸ್ದೇ ಇದ್ರೆ ಲೆಡಿಂಗ್ ಪ್ಯಾರಾಗ್ರಾಫ್‌ಗಲ್ಲ ಅಕ್ಷರಕ್ಕೆ ಅಂಟಿರತ್ತೆ, ಒಂದು ಸಾಲು ಮಾತ್ರ ಸುಮ್ಸುಮ್ನೆ ಕೆಳಗೆ ಜಾರಿದ್ರೆ ಅದರಲ್ಲಿ ಯಾವ್ದೋ ಒಂದು ಖಾಲಿ ಸ್ಪೇಸ್‌ಗೆ ದೊಡ್ಡ ಲೆಡಿಂಗ್ ಬಿದ್ದಿದ್ಯಾ ಚೆಕ್ ಮಾಡಿ.