ಸಹಾಯ ಬೇಕು: ಮೆರಿಟ್ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಹೆಸರಿನ ತೊಡಕು

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿ, ಕಲ್ಯಾಣ ಕಡೆಯ ನಮ್ಮ ಕನ್ನಡದ ಮಕ್ಕಳಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತಿದ್ದೇವೆ. ಒಂದು ಕಡೆ ಸಿಕ್ಕಿಬಿದ್ದಿದ್ದೇವೆ, ತಿಳಿದವರು ದಯವಿಟ್ಟು ಹೇಳಿ.

ಅರ್ಜಿ ಕೇಂದ್ರ ಸರ್ಕಾರದ ಪಿಎಂ-ಯುಎಸ್‌ಪಿ (ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ್) ಮೆರಿಟ್ ಸ್ಕಾಲರ್‌ಶಿಪ್‌ಗೆ. ಸ್ಕಾಲರ್‌ಶಿಪ್‌ಗಳು ರಾಜ್ಯವಾರು, ಬೋರ್ಡ್‌ವಾರು ಹಂಚಿಕೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ತಮ್ಮ ವಿಭಾಗದಲ್ಲಿ 80ನೇ ಪರ್ಸೆಂಟೈಲ್ ದಾಟಿರಬೇಕು (ಅಂದರೆ ನೂರರಲ್ಲಿ 80 ಮಕ್ಕಳಿಗಿಂತ ಮುಂದಿರಬೇಕು), ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿರಬೇಕು, ಕಾಲೇಜು ರೆಗ್ಯುಲರ್ ಆಗಿರಬೇಕು. ಡಿಗ್ರಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಪರ್ಸೆಂಟೈಲನ್ನು ಪರ್ಸೆಂಟ್ ಅಂದುಕೊಂಡು, ಶೇಕಡಾ 80 ಅಂಕ ಬಂದಿಲ್ಲವೆಂದು ಅರ್ಜಿಯನ್ನೇ ಹಾಕದ ಮಕ್ಕಳಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಬೋರ್ಡ್ ಕಟ್‌ಆಫ್ ನೋಡದೆ ಯಾರೂ ಕೈಬಿಡಬೇಡಿ.

ಈಗ ತೊಡಕು. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ‘ಸವಿತಾ ಬಿ ಪಾಟೀಲ’ ಎಂಬಂತೆ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರ ಬೋರ್ಡಿನ ಮಾರ್ಕ್ಸ್‌ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಕೊನೆಗೆ ತಂದೆಯ ಪೂರ್ತಿ ಹೆಸರು: ‘ಪಾಟೀಲ ಸವಿತಾ ಬಸವರಾಜ’. ಎರಡೂ ತಾಳೆಯಾಗುವುದಿಲ್ಲ.

1. ಮಾರ್ಕ್ಸ್‌ಕಾರ್ಡ್ ತೋರಿಸಿ ಆಧಾರ್ ತಿದ್ದಿಸುವುದೇ ಒಳ್ಳೆಯದೋ, ಅಫಿಡವಿಟ್ಟನ್ನು ಕಾಲೇಜಿನ ನೋಡಲ್ ಅಧಿಕಾರಿ (ಅರ್ಜಿ ಪರಿಶೀಲಿಸುವವರು) ಒಪ್ಪುತ್ತಾರೋ?
2. ತಂದೆ-ತಾಯಿ ಊರಲ್ಲೇ ಇದ್ದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಕನ್ನಡದಲ್ಲಿರುತ್ತದೆ. ಇಲ್ಲಿನ ಕಾಲೇಜಿಗೆ ಅನುವಾದ ಬೇಕಾಯಿತೇ?

ಕಾಲೇಜು ಆಫೀಸಿನಲ್ಲಿ ಈ ಕೆಲಸ ನೋಡುವ ಅಕ್ಕ-ಅಣ್ಣಂದಿರು ಇದ್ದರೆ ಖಂಡಿತ ಬರೆಯಿರಿ. ಪಾಲಕರೂ ಒಂದು ನೋಡಿಕೊಳ್ಳಿ: ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಹಣ ಬರುವುದಿಲ್ಲ, ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಬ್ಯಾಂಕಿನವರು ಆಧಾರ್ ಜೋಡಿಸಿರಬೇಕು. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕ್ ಎಂದು ಕಾಣಿಸುತ್ತದೆ.