ಲೈನ್‌ಮನೆಯವರ ಊರು ಯಾವುದು?

ದೊಡ್ಡಪ್ಪ: (ಮನೆಯವರ ವಾಟ್ಸಾಪ್ ಗುಂಪಿಗೆ; ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಕೊಡಗಿನ ಕಾಫಿ ಬೆಳೆಗಾರರೇ ಎಚ್ಚರ! ಅಸ್ಸಾಮಿನವರೆಂದು ಬರುವವರೆಲ್ಲ ಬಾಂಗ್ಲಾದವರು. ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಕೊಡಬೇಡಿ. ಎಲ್ಲ ಗುಂಪುಗಳಿಗೂ ಕಳಿಸಿ.

ನಾನು: ದೊಡ್ಡಪ್ಪ, ಇದನ್ನು ಬರೆದವರು ಯಾರು? ತಾರೀಖಿಲ್ಲ, ಠಾಣೆಯ ಹೆಸರೂ ಇಲ್ಲ.

ದೊಡ್ಡಪ್ಪ: ಯಾರಾದರೇನು? ಎಚ್ಚರಿಕೆಯಿಂದ ಇರುವುದು ತಪ್ಪೇ? ಕೊಯ್ಲಿಗೆ ಬಂದವರ ಊರು ಕೇರಿ ನಮಗೇನು ಗೊತ್ತು?

ನಾನು: ಗೊತ್ತಿಲ್ಲದ ಮೇಲೆ ‘ಎಲ್ಲರೂ’ ಎನ್ನುವುದು ಹೇಗೆ? ಹೀಗೇ 2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಬೆಂಗಳೂರಿನಿಂದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಮ್ಮೆಗೆ 5ಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಹೋಗದಂತೆ ಕೇಂದ್ರ ಸರ್ಕಾರವೇ ಕೆಲವು ದಿನ ತಡೆ ಹಾಕಿತು.

ಪದ್ಮತ್ತೆ: ನಮ್ಮ ಲೈನ್‌ನಲ್ಲಿರುವವರು ಬ್ರಹ್ಮಪುತ್ರದ ದಂಡೆಯವರು. ಮನೆ, ಗದ್ದೆ ಎರಡನ್ನೂ ಹೊಳೆ ನುಂಗಿತಂತೆ.

ಮನು ಅಣ್ಣ: ಅತ್ತೆ, ಅವರು ಹೇಳಿದ್ದನ್ನೆಲ್ಲ ನಂಬುವುದೇ?

ನಾನು: ಹೊಳೆ ನುಂಗುವುದಂತೂ ನಿಜ. 1950ರಿಂದೀಚೆಗೆ ಅಸ್ಸಾಮಿನಲ್ಲಿ 4 ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಕೊಚ್ಚಿಹೋಗಿದೆ. 2018ರಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜಾರಿದಾಗ ನಮ್ಮ ಜಿಲ್ಲೆಯವರೂ ಉಟ್ಟ ಬಟ್ಟೆಯಲ್ಲೇ ಹೊರಟಿದ್ದರಲ್ಲ.

ಮನು ಅಣ್ಣ: ಅಂಕಿ ಹೇಳುವೆಯಾದರೆ ಪೂರ್ತಿ ಹೇಳು. ಅಸ್ಸಾಮಿನ ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ನೋಂದಣಿ) ಪಟ್ಟಿಯಿಂದ 19 ಲಕ್ಷ ಮಂದಿ ಹೊರಗುಳಿದರಲ್ಲ?

ನಾನು: ಹೌದು, 2019ರಲ್ಲಿ. ಒಳಗೆ ಬಂದವರು 3.11 ಕೋಟಿ. ಹೊರಗುಳಿದವರಲ್ಲಿ ಹಿಂದೂಗಳೂ ಇದ್ದಾರೆ, ಅವರಿಗೆ ಮೇಲ್ಮನವಿಯ ಅವಕಾಶವೂ ಇದೆ. ಪದ್ಮತ್ತೆಯ ಲೈನ್‌ನಲ್ಲಿರುವವರು ಪಟ್ಟಿಯ ಒಳಗಿನವರೋ ಹೊರಗಿನವರೋ ಎಂದು ಫಾರ್ವರ್ಡ್ ಮಾಡಿದವನಿಗೆ ಹೇಗೆ ತಿಳಿಯಿತು?

ಭಾವ: ನನ್ನದೊಂದು ತಕರಾರು. ತಿಳಿವಳಿಕೆ ಬಂದರೆ ದ್ವೇಷ ಹೋಗುತ್ತದೆ ಎಂದು ನೀನು ಯಾವಾಗಲೂ ಹೇಳುತ್ತೀಯಲ್ಲ, ನನಗೆ ಇಂಥ ಸಂದೇಶಗಳನ್ನು ಹೆಚ್ಚು ಕಳಿಸುವುದು ಎಂಜಿನಿಯರ್ ಗೆಳೆಯರೇ.

ನಾನು: ಒಪ್ಪಿದೆ ಭಾವ, ಓದಿದವರ ಹಾವಳಿಯೇ ಜಾಸ್ತಿ. ಆದರೆ ಅವರಲ್ಲಿ ಎಷ್ಟು ಮಂದಿ ಲೈನ್‌ಮನೆಯ ಜಗುಲಿಯಲ್ಲಿ ಕುಳಿತು ಮಾತಾಡಿದ್ದಾರೆ? ಪದ್ಮತ್ತೆ ಓದಿದ್ದು ಹತ್ತನೇ ತರಗತಿ. ಈ ಗುಂಪಿನಲ್ಲಿ ಕೆಲಸದವರ ಊರು ವಿಚಾರಿಸಿದ್ದು ಅವರೊಬ್ಬರೇ.

ಪದ್ಮತ್ತೆ: ನನ್ನ ಹತ್ತನೇ ತರಗತಿ ಈಗ ಯಾಕೆ ಬಂತು?

ದೊಡ್ಡಪ್ಪ: ಹಾಗಾದರೆ ಆಧಾರ್ ನೋಡದೆಯೇ ಕೆಲಸ ಕೊಡಬೇಕೋ?

ನಾನು: ನೋಡಿ ದೊಡ್ಡಪ್ಪ. ಒಬ್ಬೊಬ್ಬರದನ್ನೂ ನೋಡಿ, ಪ್ರತಿಯನ್ನು ಠಾಣೆಗೂ ಕೊಡಿ. ಬೇಡವೆಂದವರು ಯಾರು?

ಪದ್ಮತ್ತೆ: ಅಣ್ಣಾ, ಈ ಸಲ ನಿನ್ನ ಕಣದಲ್ಲಿ ಕಾಫಿ ಒಣಗಿಸಿದವರು ಎಲ್ಲಿಯವರು?

ದೊಡ್ಡಪ್ಪ: ಅಸ್ಸಾಮಿನವರೇ. ಆದರೆ ಅವರು ಬೇರೆ. ನಿಯತ್ತಿನ ಜನ, ನಿನ್ನ ಅತ್ತಿಗೆಗೆ ಜ್ವರ ಬಂದಾಗ ಜೀಪಿನವರೆಗೆ ಎತ್ತಿಕೊಂಡು ಹೋದವರು.

ನಾನು: ನೀವು ಕಳಿಸಿದ ‘ಎಲ್ಲ’ದಲ್ಲಿ ಅವರೂ ಸೇರಿದ್ದಾರೆ.

ದೊಡ್ಡಪ್ಪ: ಅಳಿಸುವುದಿಲ್ಲ. ಬೆಳೆಗಾರರ ಗುಂಪಿಗೆ ಕಳಿಸುವುದನ್ನು ಬಿಟ್ಟಿದ್ದೇನೆ, ಅಷ್ಟೇ.